ಅವ್ವನ ಬಿಸಿನೀರಿಗೊಂದು ಬಜೆಟ್

ಕಚೇರಿಯಲ್ಲಿ ಬಜೆಟ್ ಮಾಡುವವನನ್ನು ಮನೆಯ ಬಜೆಟ್ ಮುಟ್ಟಲು ಬಿಡಬಾರದು ಎಂಬುದು ನನ್ನ ಹೆಂಡತಿ ಸುಮಂಗಲೆಯ ಗಟ್ಟಿ ಅಭಿಪ್ರಾಯ. ನಾನು ಚೆನ್ನೈಯ ಅಡ್ಯಾರಿನ ಒಂದು ಶಿಕ್ಷಣ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಒಂದು ಬೀರು ಕೊಳ್ಳಬೇಕಾದರೂ ಮೂರು ಕೊಟೇಶನ್ ತರಿಸಿ, ಅಕ್ಕಪಕ್ಕ ಇಟ್ಟು, ಮೂರನ್ನೂ ಅನುಮಾನಿಸುವುದು ನನ್ನ ಕೆಲಸ. ಈ ಚಟ ಸಂಜೆ ಬಸ್ಸು ಹತ್ತಿ ನನ್ನ ಜೊತೆಗೇ ವೆಸ್ಟ್ ಮಾಂಬಲಂಗೆ ಬಂದುಬಿಡುತ್ತದೆ. ಟೊಮೆಟೊ ತರಲು ಹೋದವನು ಮೂರು ಅಂಗಡಿಯಲ್ಲಿ ವಿಚಾರಿಸಿ ಮನೆಗೆ ಬರುವಷ್ಟರಲ್ಲಿ ಸುಮಂಗಲೆ ಹುಣಸೆಹಣ್ಣು ಹಾಕಿ ಸಾರು ಇಳಿಸಿರುತ್ತಾಳೆ.

ಇಂಥ ನನ್ನ ಕೈಗೆ ಸಿಕ್ಕಿದ್ದು ನಮ್ಮ ಮನೆಯ ಹಳೆಯ ಗ್ಯಾಸ್ ಗೀಸರ್. ಪದೇ ಪದೇ ಕರೆಂಟ್ ಹೋಗುತ್ತಿದ್ದ ಕಾಲದಲ್ಲಿ ಕೊಂಡು, ಬಚ್ಚಲಿನ ಹೊರಗೆ ಬಾಲ್ಕನಿಯ ಗೋಡೆಗೆ ಹಾಕಿಸಿದ್ದೆವು. ನಲ್ಲಿ ತಿರುಗಿಸಿದರೆ ಸಾಕು, ಯಾರೋ ಮೈಮೇಲೆ ಬಂದ ಹಾಗೆ ಭುಸ್ ಎಂದು ಹೊತ್ತಿಕೊಳ್ಳುತ್ತಿತ್ತು. ಚೆನ್ನೈಯಲ್ಲಿ ಬಿಸಿನೀರು ಯಾಕಪ್ಪಾ ಎಂದು ನೀವು ಕೇಳಬಹುದು. ನಮಗೂ ಬೇಕಿರಲಿಲ್ಲ. ಆದರೆ ನಮ್ಮ ಅವ್ವ ಧಾರವಾಡದವಳು. ಅಪ್ಪ ಹೋದ ಮೇಲೆ ನಮ್ಮ ಜೊತೆ ಇರಲು ಬಂದವಳು. ಹಬೆ ಏಳದ ನೀರಿನ ಸ್ನಾನವನ್ನು ಅವಳು ಸ್ನಾನವೆಂದು ಒಪ್ಪುವುದಿಲ್ಲ. ಸ್ನಾನವಾಗದೆ ಲಿಂಗಪೂಜೆ ಇಲ್ಲ, ಪೂಜೆಯಾಗದೆ ಬಾಯಿಗೆ ಹನಿ ನೀರಿಲ್ಲ.

ದೀಪಾವಳಿ ಕಳೆದ ಮೇಲೆ ಗೀಸರ್ ಹೊತ್ತಿಕೊಳ್ಳುವುದನ್ನು ನಿಲ್ಲಿಸಿತು. ರಿಪೇರಿಯವನು ಬಂದು ಮುಚ್ಚಳ ತೆಗೆದು ನೋಡಿ, "ಇದುಕ್ಕು ಪಾರ್ಟ್ಸ್ ಕಿಡೈಕ್ಕಾದು ಸಾರ್, ಪುದುಸಾ ವಾಂಗಿಡುಂಗ" ಎಂದ. ಬಿಡಿಭಾಗ ಸಿಗದು, ಹೊಸದು ಕೊಳ್ಳಿ ಎಂದು. ನಾನು ಆ ಸಂಜೆಯೇ ಬಜೆಟ್ ಹಾಕಲು ಕೂತೆ. ಹೊಸ ಗೀಸರ್ ಎಂದರೆ ಹೊಸ ಪೈಪು. ಪೈಪಿಗೆ ಗೋಡೆ ಕೊರೆಯಬೇಕು. ಕೊರೆದರೆ ಟೈಲ್ ಒಡೆಯುತ್ತದೆ. ಆ ಹಸಿರು ಟೈಲ್ ಈಗ ಎಲ್ಲೂ ಸಿಗುವುದಿಲ್ಲ, ಆದ್ದರಿಂದ ಇಡೀ ಗೋಡೆ. ಗೋಡೆ ಹೊಸದಾದರೆ ನೆಲ ಹಳೆಯದಾಗಿ ಕಾಣುತ್ತದೆ.

"ರೀ, ಅತ್ತೆ ಕೇಳಿದ್ದು ಒಂದು ಬಕೆಟ್ ಬಿಸಿನೀರು" ಎಂದಳು ಸುಮಂಗಲೆ. "ನೀವು ಬಚ್ಚಲುಮನೆಯ ಜೀರ್ಣೋದ್ಧಾರಕ್ಕೆ ಹೊರಟಿದೀರ."

ಅಲ್ಲಿಯವರೆಗೆ ಅವಳೇ ಅಡುಗೆ ಒಲೆಯ ಮೇಲೆ ನೀರು ಕಾಯಿಸಿ ಬಚ್ಚಲಿಗೆ ಹೊರುತ್ತಿದ್ದಳು. ಅವ್ವನಿಗೆ ಅದು ಸರಿಬರಲಿಲ್ಲ. "ಆ ಕುದಿಯೋ ನೀರು ಹೊತ್ಕೊಂಡು ನೀ ಜಾರಿ ಬಿದ್ದೀ ಅಂದ್ರ, ಅದರ ಖರ್ಚು ಇವನ ಬಜೆಟ್ನ್ಯಾಗ ಇಲ್ಲ" ಎಂದಳು.

ಮರುದಿನ ಬೆಳಿಗ್ಗೆ ನಾನು ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಅವ್ವ ಹೆಗಲಿಗೆ ಟವೆಲ್ ಹಾಕಿಕೊಂಡು, ಮಡಿಚಿದ ಸೀರೆ ಹಿಡಿದು ಬಾಗಿಲು ದಾಟುತ್ತಿದ್ದಳು.

"ಎಲ್ಲಿಗೆ ಹೊಂಟೀ ಅವ್ವಾ?"

"ಕೆಳಗ, ಮಾಮಿ ಮನಿಗೆ. ನಿನ್ನ ಬಜೆಟ್ ಪಾಸ್ ಆಗೂತನಕ ಶಿವ ಕಾಯ್ಕೋತ ಕೂಡಂಗಿಲ್ಲ."

ಕೆಳಗಿನ ಫ್ಲ್ಯಾಟಿನ ಪದ್ಮಾ ಮಾಮಿ ಟೆಲಿಫೋನ್ ಆಪರೇಟರ್ ಆಗಿ ನಿವೃತ್ತರಾದವರು. ಮಾತಾಡಿ ಅಭ್ಯಾಸವಾದ ಆ ಗಂಟಲಿಗೆ ನಿವೃತ್ತಿಯ ಸುದ್ದಿ ಇನ್ನೂ ತಲುಪಿಲ್ಲ. ನನಗೋ ಅವಮಾನ. ಸಂಬಳ ತರುವ ಮಗನಿರುವಾಗ ತಾಯಿ ಪಕ್ಕದವರ ಬಚ್ಚಲಿಗೆ ಹೋಗುವುದೆಂದರೇನು? ಕೆಳಗಿಳಿದು, ಇನ್ನು ನಾಲ್ಕು ದಿನದಲ್ಲಿ ಹೊಸದು ತರುತ್ತೇನೆ ಎಂದು ಮಾಮಿಯ ಕ್ಷಮೆ ಕೇಳಿದೆ. ಅವರು, "ಅವಸರಮೇ ಇಲ್ಲೆ, ಮೆದುವಾ ವಾಂಗುಂಗೋ" ಎಂದರು. ಅವಸರವಿಲ್ಲ, ನಿಧಾನವಾಗಿ ಕೊಳ್ಳಿ ಎಂದಿದ್ದನ್ನು ನಾನು ಬರೀ ಸೌಜನ್ಯ ಎಂದುಕೊಂಡೆ.

ಅವ್ವನ ಸ್ನಾನ ದಿನೇ ದಿನೇ ಉದ್ದವಾಗುತ್ತಾ ಹೋಯಿತು. ಪೂಜೆಗೆಂದು ಮೇಲೆ ಬಂದವಳು ತಿಂಡಿ ತಿಂದು ಮತ್ತೆ ಕೆಳಗಿಳಿಯುತ್ತಿದ್ದಳು, ಸೋಪಿನ ಡಬ್ಬಿ ಮರೆತೆನೆಂದು. ಚಹಾ ಬಿಟ್ಟು ಬೇರೇನೂ ಕುಡಿಯದವಳು ಫಿಲ್ಟರ್ ಕಾಫಿಯ ಡಿಕಾಕ್ಷನ್ ಬಗ್ಗೆ ಅಭಿಪ್ರಾಯ ಹೇಳತೊಡಗಿದಳು. ಧಾರವಾಡದ ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಾ ನಡುನಡುವೆ ಹೌದು ಎನ್ನುವಲ್ಲಿ "ಆಮಾ, ಆಮಾ" ಎನ್ನುತ್ತಿದ್ದಳು. ಮಾಮಿಗೆ ಕನ್ನಡ ಬಾರದು, ಇವಳಿಗೆ ತಮಿಳು ಬಾರದು; ಆದರೂ ಇಬ್ಬರ ನಗು ನಮ್ಮ ಬಾಲ್ಕನಿಗೆ ಕೇಳಿಸುತ್ತಿತ್ತು.

ಇಷ್ಟಾದರೂ ನನಗೆ ಕಂಡಿದ್ದು ನನ್ನ ಅವಮಾನ ಮಾತ್ರ. ಒಂದು ಶನಿವಾರ ಎಲ್ಲ ಕೊಟೇಶನ್ ಬದಿಗಿಟ್ಟು, ಅಂಗಡಿಯವನು ಹೇಳಿದ ಬೆಲೆಗೇ ಗೀಸರ್ ತಂದುಬಿಟ್ಟೆ. ಜನ್ಮದಲ್ಲಿ ಮೊದಲ ಸಲ. ಟೈಲ್ ಒಂದೂ ಒಡೆಯಲಿಲ್ಲ. ನೀರಿನಿಂದ ಹಬೆ ಎದ್ದಾಗ ನನಗೆ ಕಣ್ಣು ತುಂಬಿ ಬಂತು.

ಅವ್ವ ಸ್ನಾನ ಮುಗಿಸಿ ಬಂದು ತೀರ್ಪು ಕೊಟ್ಟಳು: "ನೀರು ಕಾದಾವ. ಆದ್ರ ಮೈಗೆ ಹತ್ತಂಗಿಲ್ಲ." ಮರುದಿನ ಧಾರೆ ಸಣ್ಣದಾಯಿತು ಎಂದಳು. ಫಿಟ್ಟಿಂಗ್‌ನವನನ್ನು ಕರೆಸಿ ದೊಡ್ಡದು ಮಾಡಿಸಿದೆ. ಆಮೇಲೆ, ಹೊಸ ಪೈಪಿನ ವಾಸನೆ ಎಂದಳು. ನಾನು ಬಕೆಟ್ಟಿಗೆ ಮೂಗು ಹಚ್ಚಿ ನಿಂತಿದ್ದನ್ನು ನೋಡಿ ಸುಮಂಗಲೆ, "ಚುಮ್ಮಾ ಇರಿ ರೀ" ಎಂದು ತಮಿಳಿನಲ್ಲೇ ಸುಮ್ಮನಾಗಿಸಿದಳು. "ಗೀಸರ್ ಸರಿಯಾಗೇ ಇದೆ. ಅದಕ್ಕೆ ಮಾತು ಬರೋದಿಲ್ಲ, ಅಷ್ಟೇ."

ಅವ್ವನ ಹತ್ತಿರ ಹೋಗಿ, "ಸ್ನಾನ ಮ್ಯಾಲೆ ಮಾಡಿ, ಸುಮ್ನ ಮಾತಾಡಾಕ ಕೆಳಗ ಹೋಗಬಾರದೇನು?" ಎಂದು ಕೇಳಿದೆ.

"ಸುಮ್ನ ಹೆಂಗ ಹೋಗ್ಲೋ? ದಿನಾ ಮಂದಿ ಮನಿಗೆ ಹೋಗಾಕ ಒಂದು ಕಾರಣಾ ಬೇಕಲ್ಲ" ಎಂದು ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಈ ಗೀಸರ್ ನಿನಗ ಹೊಂದೂದಿಲ್ಲ ಬಿಡವ್ವ" ಎಂದೆ. ಮಾತು ಮುಗಿಯುವುದರೊಳಗೆ ಅವಳು ಟವೆಲ್ ತೆಗೆದುಕೊಂಡಿದ್ದಳು.

ಈಗ ಮೇ ತಿಂಗಳು. ಅಷ್ಟು ಹಣ ಹಾಕಿ ತಂದ ಗೀಸರ್ ಸುಮ್ಮನೆ ಗೋಡೆಯ ಮೇಲೆ ಕೂತಿರುವುದನ್ನು ನನ್ನಂಥವನಿಂದ ನೋಡಲಾಗುವುದಿಲ್ಲ. ಹಾಗಾಗಿ ದಿನವೂ ಬೆಳಿಗ್ಗೆ ಹಬೆಯಾಡುವ ನೀರಿನಲ್ಲಿ ನಾನೇ ಸ್ನಾನ ಮಾಡುತ್ತೇನೆ. ಹೊರಬಂದು ಫ್ಯಾನಿನ ಕೆಳಗೆ ನಿಂತು ಬೆವರು ಒರೆಸಿಕೊಳ್ಳುತ್ತೇನೆ. ಸುಮಂಗಲೆ ಒಣಗಿದ ಇನ್ನೊಂದು ಟವೆಲ್ ಕೊಟ್ಟು, "ಈಗ ತಣ್ಣೀರಲ್ಲಿ ಸ್ನಾನ ಮಾಡಿ, ಆಫೀಸಿಗೆ ಹೊತ್ತಾಯ್ತು" ಎನ್ನುತ್ತಾಳೆ. ಅದನ್ನೂ ಮಾಡಿಯೇ ಹೋಗುತ್ತೇನೆ.