ನರೆತ ತಲೆಯ ಹೊಸ ಸಿಸ್ಟರ್

ತಲೆ ನರೆತವರನ್ನು ಕಂಡರೆ ಜನ ಸುಮ್ಮಸುಮ್ಮನೆ ನಂಬಿಬಿಡುತ್ತಾರೆ. ಬಸ್ಸಿನಲ್ಲಿ ದಾರಿ ಕೇಳುವವರು ಪಕ್ಕದ ಹುಡುಗಿಯನ್ನು ಬಿಟ್ಟು ನನ್ನನ್ನೇ ಕೇಳುತ್ತಾರೆ, ನಾನು ಆ ಊರಿಗೆ ಮೊದಲ ಸಲ ಹೊರಟಿದ್ದರೂ. ಇದರಿಂದ ನನಗೇನೂ ತೊಂದರೆ ಇರಲಿಲ್ಲ, ನಲವತ್ನಾಲ್ಕನೆಯ ವಯಸ್ಸಿನಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಕೋರ್ಸ್ ಪಾಸಾಗಿ ಗೋವೆಯ ಫೋಂಡಾದ ಒಂದು ಸಣ್ಣ ಆಸ್ಪತ್ರೆಗೆ ಸೇರುವ ತನಕ. ಮಗಳು ಕಾಲೇಜಿಗೆ ಹೋಗತೊಡಗಿದ ಮೇಲೆ ಹೊತ್ತು ಹೋಗದೆ ಹಿಡಿದ ಕೋರ್ಸು ಅದು. ಪಾಸಾದ ದಿನ ನಮ್ಮ ಯಜಮಾನರು ಧಾರವಾಡದಿಂದ ಪೇಢಾ ತರಿಸಿ ಆಫೀಸಿನಲ್ಲೆಲ್ಲ ಹಂಚಿದರು. ಆದರೆ ಮುಂದಿನ ವಾರ ತಮಗೆ ಜ್ವರ ಬಂದಾಗ ನನಗೆ ತಿಳಿಸದೆ ಡಾಕ್ಟರ ಹತ್ತಿರ ಹೋಗಿಬಂದರು.

ನಮ್ಮ ವಾರ್ಡಿನ ಜವಾಬ್ದಾರಿ ಹೊತ್ತವಳು ಸಿಸ್ಟರ್ ಲೀನಾ, ಇಪ್ಪತ್ತೈದರ ಗೋವೆಯ ಹುಡುಗಿ. ರೋಗಿಗಳ ಕಡೆಯವರು ಅವಳನ್ನು ದಾಟಿ ನೇರ ನನ್ನ ಬಳಿ ಬಂದು ಸಲೈನ್ ಯಾವಾಗ ಮುಗಿಯುತ್ತದೆ, ಮನೆಗೆ ಯಾವಾಗ ಬಿಡುತ್ತೀರಿ ಎಂದು ಕೇಳುತ್ತಿದ್ದರು. ನಾನು ಮಾತಾಡದೆ ಲೀನಾಳ ಕಡೆ ಬೆರಳು ತೋರಿಸಿದರೆ, ದೊಡ್ಡ ಸಿಸ್ಟರು ಸಣ್ಣವಳಿಗೆ ಕೆಲಸ ಹಚ್ಚಿದರು ಎಂದುಕೊಂಡು ಇನ್ನಷ್ಟು ಗೌರವದಿಂದ ಹೋಗುತ್ತಿದ್ದರು. ನನ್ನ ಎದೆ ಹೊಡೆದುಕೊಳ್ಳುವುದು ಅವರಿಗೆ ಹೇಗೆ ಗೊತ್ತಾಗಬೇಕು? ಎಲ್ಲಕ್ಕಿಂತ ಹೆದರಿಕೆ ಬಿಪಿ ನೋಡುವುದು. ನಮ್ಮಲ್ಲಿ ಕೈಯಿಂದ ಗಾಳಿ ಒತ್ತುವ ಹಳೆಯ ಯಂತ್ರ. ಸ್ಟೆತಾಸ್ಕೋಪ್ ಕಿವಿಗಿಟ್ಟರೆ ಕೇಳುವುದು ರೋಗಿಯ ನಾಡಿಯೋ ನನ್ನದೋ ತಿಳಿಯುತ್ತಿರಲಿಲ್ಲ. ಮೊದಲ ವಾರದಲ್ಲೇ ಮೂರು ಸಲ ಗಾಬರಿಯಿಂದ ಲೀನಾಳನ್ನು ಓಡಿಸಿಕೊಂಡು ಬಂದಿದ್ದೆ. ಮೂರು ಸಲವೂ ರೋಗಿ ನೆಟ್ಟಗಿದ್ದ. ಒಬ್ಬನಂತೂ ಚಹಾದಲ್ಲಿ ಪಾವ್ ಅದ್ದಿಕೊಂಡು ತಿನ್ನುತ್ತ ನಮ್ಮಿಬ್ಬರನ್ನೂ ನೋಡುತ್ತಿದ್ದ. ಲೀನಾ ಬೈಯಲಿಲ್ಲ. ಕರೆಯುವ ಮೊದಲು ಇನ್ನೊಮ್ಮೆ ನೋಡಿ ಮೌಶಿ ಎಂದು, ಚಿಕ್ಕಮ್ಮನಿಗೆ ಹೇಳುವ ಹಾಗೆ, ಹಿಂದಿಯಲ್ಲಿ ಮೆತ್ತಗೆ ಹೇಳಿದಳು. ಬೈದಿದ್ದರೆ ವಾಸಿಯಿತ್ತು.

ಹೀಗಿರುವಾಗ ರಾಜೇಸಾಬರು ಬಂದು ಸೇರಿದರು. ವಿಜಯಪುರದ ಕಡೆಯವರು, ಫೋಂಡಾದಲ್ಲಿ ಟೆಂಪೋ ಓಡಿಸುವವರು. ಮರುದಿನ ಬೆಳಿಗ್ಗೆ ಹರ್ನಿಯಾ ಆಪರೇಷನ್. ಮನುಷ್ಯ ಹೆದರಿ ಆಪರೇಷನ್ ಬ್ಯಾಡ, ಮನಿಗೆ ಹೋಗೂಣು ಎಂದು ಹೆಂಡತಿ ಹಸೀನಾಗೆ ದುಂಬಾಲು ಬಿದ್ದಿದ್ದರು. ನನ್ನ ಬಾಯಲ್ಲಿ ಕನ್ನಡ ಕೇಳಿದ್ದೇ ತಡ, ನನ್ನತ್ತ ತಿರುಗಿದರು.

"ಅಕ್ಕಾರ, ನೀವು ಈ ಕೆಲಸಕ್ಕ ಬಂದು ಎಷ್ಟಾತ್ರಿ?"

"ಹನ್ನೊಂದಾತ್ರಿ," ಎಂದೆ.

ದಿನ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರ ಮುಖ ಅರಳಿತು. ನೋಡು, ಹನ್ನೊಂದು ವರ್ಷದವರು ಇದ್ದಾರೆ ಎಂದು ಹೆಂಡತಿಗೆ ಹೇಳಿ, ಹೊದಿಕೆ ಎಳೆದುಕೊಂಡು ಮಲಗಿಯೇಬಿಟ್ಟರು. ರೋಗಿಗೆ ಧೈರ್ಯ ಬಂತಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ಖರೆ ಹೇಳಬೇಕೆಂದರೆ, ಕೇಳಲು ನನಗೂ ಹಿತವಾಗಿತ್ತು.

ಮರುದಿನ ಆಪರೇಷನ್ ಮುಗಿಸಿ ಅವರನ್ನು ವಾರ್ಡಿಗೆ ತಂದರು. ಕಾಲು ಗಂಟೆಗೊಮ್ಮೆ ಬಿಪಿ ನೋಡಬೇಕು, ಅದನ್ನು ದೊಡ್ಡ ಸಿಸ್ಟರೇ ನೋಡಬೇಕೆಂದು ಅವರ ಹಟ. ಎರಡು ಸಲ ಚೆನ್ನಾಗಿತ್ತು. ಮೂರನೆಯ ಸಲ ಮುಳ್ಳು ಕೆಳಗಿಳಿಯುತ್ತ ಹೋಯಿತು, ನೂರಿಪ್ಪತ್ತರ ಆಸುಪಾಸಿನಲ್ಲಿ ಕೇಳಬೇಕಾದ ಸದ್ದೇ ಇಲ್ಲ. ಎಂಬತ್ನಾಲ್ಕರ ಹತ್ತಿರ ಸಣ್ಣಗೆ ಕೇಳಿತು. ಇನ್ನೊಮ್ಮೆ ಒತ್ತಿದೆ. ಎಂಬತ್ತು. ರಾಜೇಸಾಬರ ಹಣೆ ಬೆವರಿತ್ತು. ತಲೆ ತಿರುಗಿದ ಹಾಗಾಗುತ್ತಿದೆ ಎಂದು ಹೇಳಿ ನನ್ನ ಮುಖವನ್ನೇ ನೋಡತೊಡಗಿದರು. ನನ್ನ ಕಿವಿಯದೇ ತಪ್ಪಿದ್ದರೆ? ನಾಲ್ಕನೆಯ ಸಲವೂ ಸುಳ್ಳು ಗಾಬರಿಯಾದರೆ? ಹನ್ನೊಂದು ವರ್ಷದವಳು ಆ ಹುಡುಗಿಯ ಹತ್ತಿರ ಓಡುವುದನ್ನು ಇವರಿಬ್ಬರೂ ನೋಡಿದರೆ? ಅರ್ಧ ನಿಮಿಷ ಹಾಗೇ ನಿಂತಿದ್ದೆ. ಆಮೇಲೆ ಓಡಿದೆ.

ಲೀನಾ ಬಂದು ಒಂದೇ ಸಲ ನೋಡಿದಳು. ಮುಖದ ನಗೆ ಹೋಯಿತು. ಸಲೈನ್ ಜೋರಾಗಿ ಹರಿಯಬಿಟ್ಟು, ಡಾಕ್ಟರನ್ನು ಕರೆಸಿ, ನನ್ನ ಕೈಗೆ ಟ್ರೇ ಕೊಟ್ಟಳು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿದಾಗ ಕೆಲವರಿಗೆ ಹೀಗಾಗುತ್ತದೆ, ಬೇಗ ಗೊತ್ತಾಗಿದ್ದು ಒಳ್ಳೆಯದಾಯಿತು ಎಂದು ಡಾಕ್ಟರು ಹೇಳಿದರು. ಸಂಜೆಯ ಹೊತ್ತಿಗೆ ಬಿಪಿ ಸರಿಯಾಗಿ, ರಾಜೇಸಾಬರು ಚಹಾ ಯಾವಾಗ ಕೊಡುತ್ತೀರಿ ಎಂದು ಕೇಳುವಂತಾದರು.

ಆಗ ಹಸೀನಾ ನನ್ನ ಕೈ ಹಿಡಿದು, ಹನ್ನೊಂದು ವರ್ಷದ ಅನುಭವವೆಂದರೆ ಸುಮ್ಮನೆ ಅಲ್ಲ ಎಂದು ಲೀನಾಳಿಗೆ ಹಿಂದಿಯಲ್ಲಿ ಹೇಳಿದರು. ಲೀನಾ ನನ್ನ ಕಡೆ ನೋಡಿದಳು. ಆಮೇಲೆ ಕಾಗದದಲ್ಲಿ ಏನೋ ಬರೆಯತೊಡಗಿದಳು. ಕೈ ಹಿಡಿದವರ ಎದುರು ಇನ್ನೂ ಮುಚ್ಚಿಡುವುದು ನನ್ನಿಂದ ಆಗಲಿಲ್ಲ.

"ವರ್ಷ ಅಲ್ರಿ," ಎಂದೆ. "ದಿನ. ಇವತ್ತಿಗೆ ಹನ್ನೆರಡು."

ಹಸೀನಾ ಕೈ ಬಿಡಲಿಲ್ಲ, ಆದರೆ ಹಿಡಿತ ಸಡಿಲವಾಯಿತು. ರಾಜೇಸಾಬರು ಮೇಲಿನ ಫ್ಯಾನಿನ ಕಡೆ ಕಣ್ಣು ತಿರುಗಿಸಿದರು.

"ಹೊಸ್ತಾಗಿ ಟೆಂಪೋ ಹಿಡದಾಗ ನಾನೂ ಭಾಳ ಅಂಜತಿದ್ನಿರಿ," ಎಂದರು. "ಆವಾಗ ಯಾರ ಮ್ಯಾಲೂ ಗಾಡಿ ಹಾಯಿಸ್ಲಿಲ್ಲ. ಅಂಜಿಕಿ ಹೋದ ಮ್ಯಾಲ ಹಾಯಿಸಿದ್ದು."

ನನ್ನ ಕಣ್ಣು ತುಂಬಿ ಬಂತು. ಇಷ್ಟು ದೊಡ್ಡ ಮನಸ್ಸಿನವರ ಸೇವೆಗೆ ನಾಳೆಯೂ ಬರುವೆನಲ್ಲ ಎಂದುಕೊಂಡು ಬಿಪಿ ಯಂತ್ರ ಸುತ್ತಿಡುತ್ತಿದ್ದೆ. ಅವರು ಗಂಟಲು ಸರಿಮಾಡಿಕೊಂಡರು.

"ಅಕ್ಕಾರ, ಸಿಟ್ಟಿಗೇಳಬ್ಯಾಡ್ರಿ. ನಾಳಿಂದ ಬಿಪಿ ನೋಡಾಕ ಆ ಸಣ್ಣ ಸಿಸ್ಟರ್‌ನ ಕಳಸ್ತೀರೇನ್ರಿ?"

ಕಳಿಸುತ್ತೇನೆ ಎಂದೆ. ಮನಸ್ಸಿಗೆ ಚುಚ್ಚಲಿಲ್ಲ ಎಂದರೆ ಇನ್ನೊಂದು ಸುಳ್ಳಾದೀತು. ಆದರೆ ಆ ಮಂಚದ ಮೇಲೆ ನಾನು ಮಲಗಿದ್ದಿದ್ದರೆ, ಈ ಮಾತನ್ನು ಹಿಂದಿನ ದಿನವೇ ಹೇಳಿರುತ್ತಿದ್ದೆ.