ಉತ್ತರಪ್ಪನಿಗೆ ಗೊತ್ತಿಲ್ಲದ್ದು

ಪ್ರವೇಶ ಪರೀಕ್ಷೆಯಲ್ಲಿ ನಾಲ್ಕನೆಯ ಸಲ ನಪಾಸಾಗಿ ಬಂದ ದಿನ ಉತ್ತರಪ್ಪ ತನ್ನ ಬುದ್ಧಿಯನ್ನು ಬಯ್ದುಕೊಳ್ಳಲಿಲ್ಲ, ಹಣೆಬರಹವನ್ನೂ ಬಯ್ಯಲಿಲ್ಲ. ಬಯ್ದದ್ದು ಉತ್ತರಪತ್ರಿಕೆ ತಿದ್ದಿದ ಯಂತ್ರವನ್ನು.

"ಅದಕ್ಕೆ ಮನಸ್ಸು ಅನ್ನೋದು ಇಲ್ಲ ಕಣೇ," ಎಂದು ಚಪ್ಪಲಿ ಬಿಡುತ್ತಲೇ ಹೆಂಡತಿಗೆ ಹೇಳಿದ. "ಉತ್ತರದ ಒಂದೊಂದು ವೃತ್ತಾನೂ ಎಷ್ಟು ಗಟ್ಟಿಯಾಗಿ ಕಪ್ಪು ಮಾಡಿದ್ದೆ ಗೊತ್ತಾ? ತಿದ್ದೋನು ಮನುಷ್ಯ ಆಗಿದ್ದಿದ್ರೆ, ಪಾಪ, ಇಷ್ಟು ಧೈರ್ಯವಾಗಿ ಬರೆದಿದ್ದಾನಲ್ಲ ಅಂತ ಎರಡು ಮಾರ್ಕು ಜಾಸ್ತಿ ಹಾಕ್ತಿದ್ದ."

ಉತ್ತರಪ್ಪ ಎಂಬುದು ಬಸ್ ನಿಲ್ದಾಣದವರು ಇಟ್ಟ ಹೆಸರು. ಅಲ್ಲಿ 'ವಿಚಾರಣೆ' ಎಂದು ಬರೆದ ಕಿಟಕಿಯ ಹಿಂದೆ ಕೂತು ಅವನ ಅರ್ಧ ಆಯುಷ್ಯ ಕಳೆದಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನಿಗಿಂತ ಮೊದಲು ಆ ಕುರ್ಚಿಯಲ್ಲಿ ಕೂತಿದ್ದ ಹಿರಿಯರು ಒಂದೇ ಒಂದು ಉಪದೇಶ ಮಾಡಿ ನಿವೃತ್ತರಾಗಿದ್ದರು: "ತಮ್ಮಾ, ತಪ್ಪು ಹೇಳಿದ್ರೆ ಅವನು ಬಸ್ ಹತ್ತಿ ಹೊರಟುಹೋಗ್ತಾನೆ. ಗೊತ್ತಿಲ್ಲ ಅಂದ್ರೆ ಇಲ್ಲೇ ನಿಂತು ಜಗಳ ಆಡ್ತಾನೆ." ಉತ್ತರಪ್ಪ ಆ ಮಾತನ್ನು ಎದೆಗೆ ಕಟ್ಟಿಕೊಂಡ. ಹತ್ತರಲ್ಲಿ ಎಂಟು ಪ್ರಶ್ನೆಗಳಿಗೆ ಅವನಿಗೆ ನಿಜವಾಗಿಯೂ ಉತ್ತರ ಗೊತ್ತಿರುತ್ತಿತ್ತು. ಉಳಿದ ಎರಡಕ್ಕೆ ಆಗಿಂದಾಗ್ಗೆ ತಯಾರಿಸಿ ಬಿಸಿಬಿಸಿಯಾಗಿ ಕೊಡುತ್ತಿದ್ದ. (ಹಾಗೆ ಕೊಟ್ಟ ಉತ್ತರ ನಂಬಿ ಹೋದವರು ಎಲ್ಲೆಲ್ಲಿ ಇಳಿದರೋ, ಇಳಿದ ಊರಲ್ಲೇ ಮನೆ ಮಾಡಿದರೋ, ಜಗಳಕ್ಕಂತೂ ಯಾರೂ ಹಿಂದಿರುಗಿ ಬಂದಿರಲಿಲ್ಲ.)

ಇಂಥವನಿಗೆ ಭೂಗೋಳದಲ್ಲಿ ಎಂ.ಎ. ಮಾಡಬೇಕೆಂಬ ಆಸೆ. ಆಸೆಯೇನೂ ಸುಮ್ಮನೆ ಹುಟ್ಟಿದ್ದಲ್ಲ. ದಿನವೆಲ್ಲ ಜನರನ್ನು ಊರೂರಿಗೆ ಕಳಿಸುತ್ತ ಕೂತವನಿಗೆ ಆ ಊರುಗಳ ಬಗ್ಗೆ ತಲೆಯಲ್ಲಿ ಹುಳ ಹೊಕ್ಕಿತ್ತು. ಈ ರಸ್ತೆ ಬೆಟ್ಟವನ್ನು ಸೀಳದೆ ಸುತ್ತಿಕೊಂಡು ಯಾಕೆ ಹೋಗುತ್ತದೆ, ಆ ಊರಿನ ಬಾವಿಯ ನೀರು ಯಾಕೆ ಉಪ್ಪು, ನದಿ ಅಷ್ಟು ಬಳುಕಿ ಎಲ್ಲಿಗೆ ಹೊರಟಿದೆ ಎಂದು ಯೋಚಿಸುತ್ತ ಎಷ್ಟೋ ಸಲ ಚಿಲ್ಲರೆ ಪ್ರಶ್ನೆಗಳನ್ನು ಕೇಳಿಸಿಕೊಂಡೇ ಇರುತ್ತಿರಲಿಲ್ಲ. ಅಂಚೆ ಮೂಲಕ ಓದಿ ಪದವಿ ಮುಗಿಸಿದ್ದ. ವಿಶ್ವವಿದ್ಯಾಲಯದಲ್ಲಿ ಸಂಜೆ ತರಗತಿ ಇತ್ತು. ಆದರೆ ಸೀಟು ಬೇಕಾದರೆ ಪ್ರವೇಶ ಪರೀಕ್ಷೆ ದಾಟಬೇಕು, ವಯಸ್ಸು ನಲವತ್ತೈದು ದಾಟಿರಬಾರದು. ಪರೀಕ್ಷೆಯನ್ನು ಅವನು ದಾಟುತ್ತಿರಲಿಲ್ಲ, ನಲವತ್ತೈದನ್ನು ಇನ್ನೇನು ದಾಟುವವನಿದ್ದ. ಉಳಿದಿದ್ದದ್ದು ಒಂದೇ ಅವಕಾಶ.

ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಯಂತ್ರದ ಮೇಲಿನ ಬೈಗುಳ ಮುಗಿದ ಮೇಲೆ ಕೇಳಿದಳು: "ರೀ, ಗೊತ್ತಿಲ್ಲದ್ದನ್ನ ಎಷ್ಟು ಬಿಟ್ರಿ?"

"ಬಿಡೋದಾ? ನಾನಾ?"

"ಹಾಗಾದ್ರೆ ಎಲ್ಲಾ ಗೊತ್ತಿತ್ತಾ?"

"ಅರ್ಧ ಗೊತ್ತಿತ್ತು. ಉಳಿದದ್ದಕ್ಕೆ ಉತ್ತರ ಕೊಟ್ಟೆ."

ಅಲ್ಲಿಗೆ ರೋಗ ಸಿಕ್ಕಿತು. ಆ ಪರೀಕ್ಷೆಯಲ್ಲಿ ಸರಿಯುತ್ತರಕ್ಕೆ ಒಂದು ಅಂಕ, ತಪ್ಪಿದರೆ ಕಾಲು ಅಂಕ ಕಡಿತ, ಖಾಲಿ ಬಿಟ್ಟರೆ ಬಂದದ್ದೂ ಇಲ್ಲ ಹೋದದ್ದೂ ಇಲ್ಲ. ಉತ್ತರಪ್ಪ ನಾಲ್ಕು ವರ್ಷವೂ ಬಲಗೈಯಲ್ಲಿ ಗಳಿಸಿದ್ದನ್ನು ಎಡಗೈಯಲ್ಲಿ ಚೆಲ್ಲಿ ಬಂದಿದ್ದ.

"ನಮ್ಮಂಗಡಿಗೂ ಬರ್ತಾರೆ ಇಂಥವರು," ಎಂದಳು ಹೆಂಡತಿ. "ಕೊನೇ ಸಾಲು ಓದಿ ಅಂದ್ರೆ ಕಾಣದಿದ್ರೂ ಓದ್ತಾರೆ, ಅದೂ ರಾಗವಾಗಿ. ಅವರಿಗೆ ಮಾಡಿಕೊಟ್ಟ ಕನ್ನಡಕ ಒಂದೂ ಸರಿಹೋಗಲ್ಲ. ನಿಮಗೆ ಓದು ಕಡಿಮೆಯಾಗಿಲ್ಲ. ಗೊತ್ತಿಲ್ಲ ಅನ್ನೋಕೆ ಬರಲ್ಲ, ಅಷ್ಟೇ."

ಒಳಗೆ ತರಕಾರಿ ಹೆಚ್ಚುತ್ತಿದ್ದ ಅವನ ತಾಯಿ ಅಲ್ಲಿಂದಲೇ ಹೆಮ್ಮೆಯಿಂದ ದನಿಗೂಡಿಸಿದಳು. "ನನ್ನ ಮಗ ಮಾತು ಕಲಿತಾಗಿನಿಂದ ಅಂಥಾ ಮಾತು ಆಡಿದವನೇ ಅಲ್ಲ ಕಣಮ್ಮ."

ಮರುದಿನದಿಂದಲೇ ಚಿಕಿತ್ಸೆ ಶುರುವಾಯಿತು. ವಿಧಾನ ಹೆಂಡತಿಯದು, ಜಾರಿ ಹತ್ತನೇ ತರಗತಿಯ ಮಗಳದು. ಬೆಳಗಿನ ಚಹಾದ ಲೋಟವನ್ನು ಅಪ್ಪನ ಮುಂದಿಟ್ಟು ಮಗಳು ಪ್ರಶ್ನೆ ಕೇಳುತ್ತಾಳೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದರೆ ಚಹಾ ಪೂರ್ತಿ ಅವನದು. ಉತ್ತರ ಹುಟ್ಟಿಸಿದರೆ ಪರೀಕ್ಷೆಯಲ್ಲಿ ಹೇಗೋ ಹಾಗೆ, ಕಾಲು ಲೋಟ ವಾಪಸು ಪಾತ್ರೆಗೆ.

"ಅಪ್ಪ, ಈಗ ನಮ್ಮ ಛಾವಣಿ ಮೇಲೆ ಎಷ್ಟು ಪಾರಿವಾಳ ಕೂತಿವೆ?"

"ಏಳು."

"ನೋಡಿದ್ರಾ?"

"ನೋಡೋದೇನು ಬಂತು? ಈ ಹೊತ್ತಲ್ಲಿ ಏಳರ ಮೇಲೆ ಇರಲ್ಲ."

ಕಾಲು ಲೋಟ ಹೋಯಿತು.

"ಎದುರುಮನೆ ದರ್ಜಿ ಹೆಂಡತಿಯ ಚಪ್ಪಲಿ ಅಳತೆ ಎಷ್ಟು?"

"ಆರು."

ಪಾತ್ರೆ ಹಿಡಿದು ನಿಂತಿದ್ದ ಹೆಂಡತಿ ಈ ಸಲ ಲೋಟವನ್ನು ಮುಟ್ಟದೆ ಗಂಡನ ಮುಖವನ್ನೇ ನೋಡಿದಳು. "ಇದು ತಪ್ಪಾಗಿದ್ರೆ ಕಾಲು ಲೋಟ. ಸರಿಯಾಗಿದ್ರೆ ಇವತ್ತು ಚಹಾನೇ ಇಲ್ಲ."

ಆ ವಾರವೆಲ್ಲ ಉತ್ತರಪ್ಪ ಲೋಟದ ತಳ ನೆಕ್ಕಿಕೊಂಡೇ ಕೆಲಸಕ್ಕೆ ಹೋದ. ಪ್ರಯತ್ನ ಮಾಡಲಿಲ್ಲವೆಂದಲ್ಲ. ಬಾಯಿ ತೆರೆದು "ಗೊ" ಎನ್ನುವನು, ಮುಂದಿನ ಅಕ್ಷರ ಗಂಟಲಲ್ಲೇ ಕಾಲು ಚಾಚಿ ಕೂತುಬಿಡುವುದು. ಒಮ್ಮೆ ಹಾಗೆ ಗೊ, ಗೊ ಎಂದು ಒದ್ದಾಡುವಾಗ ತಾಯಿ ಓಡಿ ಬಂದು ಬೆನ್ನಿಗೆ ಗುದ್ದಿ ನೀರು ಕುಡಿಸಿದಳು. "ಸಾಕು ಮಾಡ್ರೇ," ಎಂದು ಸೊಸೆಗೂ ಮೊಮ್ಮಗಳಿಗೂ ಗದರಿದಳು, "ಒಂದು ಸೀಟಿಗೋಸ್ಕರ ಮಗನ್ನ ಕಳ್ಕೊಳ್ಳೋಕೆ ನಾನು ತಯಾರಿಲ್ಲ."

ಮುಂದಿನ ಪರೀಕ್ಷೆ ಹತ್ತಿರವಾಗುತ್ತಿದ್ದಾಗ ಕೊನೆಗೊಂದು ಭಾನುವಾರ ಮಗಳು ಕೇಳಿದಳು: "ಸಮುದ್ರದ ಮೀನಿಗೆ ಬಾಯಾರಿಕೆ ಆಗುತ್ತಾ ಅಪ್ಪ?"

ಉತ್ತರಪ್ಪ ಲೋಟ ನೋಡಿದ. ಹಬೆ ಏಳುತ್ತಿತ್ತು. ಕಣ್ಣು ಮುಚ್ಚಿ, ತಣ್ಣೀರಿಗೆ ಇಳಿಯುವವನ ಹಾಗೆ ಮೈ ಬಿಗಿಹಿಡಿದು, "ಗೊತ್ತಿಲ್ಲ" ಎಂದುಬಿಟ್ಟ.

ಮಗಳು ಚಪ್ಪಾಳೆ ತಟ್ಟಿದಳು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೆಂಗಿದ್ದ ಹುಡುಗನ್ನ ಹೆಂಗೆ ಮಾಡಿಬಿಟ್ರಿ," ಎಂದು ಒಳಗೆ ಹೋದಳು. ಉತ್ತರಪ್ಪ ಮಾತ್ರ ಪೂರ್ತಿ ಲೋಟ ಚಹಾ ಕುಡಿದು, ಇಷ್ಟು ಸಲೀಸಾದ ಮಾತನ್ನು ಇಷ್ಟು ವರ್ಷ ಯಾಕೆ ದೂರವಿಟ್ಟೆನೋ ಎಂದು ಬೆರಗಾಗಿ ಕೂತಿದ್ದ.

ಆಮೇಲೆ ಅವನನ್ನು ಹಿಡಿಯುವವರೇ ಇಲ್ಲ. ಗ್ಯಾಸ್ ತರಿಸಲು ಹೇಳಿದಿರಾ ಎಂದರೆ ಗೊತ್ತಿಲ್ಲ. ಬೀಗದ ಕೈ ಎಲ್ಲಿಟ್ಟಿರಿ ಎಂದರೆ ಗೊತ್ತಿಲ್ಲ.

"ಹಾಲಿನವನಿಗೆ ನಾಳೆ ಬೇಡ ಅಂದ್ರಾ ಇಲ್ವಾ? ನೀವೇ ಮಾತಾಡಿದ್ದು, ನಿಮಗೇ ಗೊತ್ತಿಲ್ವಾ?" ಎಂದು ಹೆಂಡತಿ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಅಂದ ಹಾಗಿದೆ. ಆದ್ರೆ ಖಚಿತ ಇಲ್ಲ. ಸುಮ್ಮನೆ ಕಾಲು ಭಾಗ ಯಾಕೆ ಕಳ್ಕೊಳ್ಳಲಿ?"

ನಿಲ್ದಾಣದ ಕಿಟಕಿಯಲ್ಲೂ ಅದೇ ಮಂತ್ರ. ಕೇಳಿದವರು ಬೆಚ್ಚಿ ಹಿಂದೆ ಸರಿಯತೊಡಗಿದರು. ಒಬ್ಬ ಮುದುಕ ಮೂರು ಸಲ ಕೇಳಿ, ಮೂರು ಸಲವೂ ಗೊತ್ತಿಲ್ಲವೆನ್ನಿಸಿಕೊಂಡು, ನೇರ ಮೇಲಧಿಕಾರಿಯ ಕೋಣೆಗೆ ಹೋಗಿ, "ನಿಮ್ಮ ವಿಚಾರಣೆಯವರಿಗೆ ಏನೋ ಆಗಿದೆ, ಬೇಗ ಬನ್ನಿ," ಎಂದು ಕರೆತಂದ. ಮೇಲಧಿಕಾರಿ ಹಣೆ ಮುಟ್ಟಿ ನೋಡಿ, "ಮನೆಗೆ ಹೋಗಿ ಮಲಕ್ಕೊಳ್ಳಿ ಮಾರಾಯ್ರೆ, ಹದಿನೈದು ದಿನ ಈ ಕಡೆ ಬರಬೇಡಿ," ಎಂದು ರಜೆ ಕೊಟ್ಟರು. ಉತ್ತರಪ್ಪ ಆ ರಜೆಯಲ್ಲಿ ಮಣ್ಣು, ಮಾರುತ, ಬಂಡೆ, ಭೂಪಟವೆಂದು ಪಟ್ಟು ಹಿಡಿದು ಓದಿ, ಐದನೆಯ ಸಲ ಪರೀಕ್ಷೆಗೆ ಕೂತು, ಗೊತ್ತಿದ್ದದ್ದನ್ನು ಬರೆದು, ಗೊತ್ತಿಲ್ಲದ ಪ್ರಶ್ನೆಗಳ ಮುಂದೆ ಕೈಕಟ್ಟಿ ಕೂತ. ಪಾಸಾದ. ಆಯ್ಕೆಯಾದವರ ಪಟ್ಟಿಯಲ್ಲಿ ಬಾಲದ ತುದಿಯಲ್ಲಿದ್ದನೆಂಬುದು ನಿಜ. ಆದರೆ ಬಾಲವೂ ಮೈಯೇ ತಾನೆ.

ಪಟ್ಟಿ ಹಚ್ಚಿ ವಾರವಾದ ಮೇಲೆ ಸುದ್ದಿ ತಿಳಿದು ಗಂಡಹೆಂಡಿರಿಬ್ಬರೂ ಹೋಗಿ ಅದನ್ನು ಕಣ್ತುಂಬ ನೋಡಿದರು. ಇನ್ನು ಹೋಗಿ ಸೇರಿಕೊಳ್ಳುವುದೊಂದು ಬಾಕಿ. ಯಾವತ್ತಿನೊಳಗೆ ಸೇರಬೇಕು ಎಂದು ಮಾತ್ರ ಅಲ್ಲೆಲ್ಲೂ ಬರೆದಿರಲಿಲ್ಲ. ಉದ್ದನೆಯ ಪಡಸಾಲೆಯ ಕೊನೆಯಲ್ಲಿ ಉತ್ತರಪ್ಪನ ಕಣ್ಣಿಗೊಂದು ಕಿಟಕಿ ಬಿತ್ತು. ಗಾಜಿನಲ್ಲಿ ಅದೇ ಗುಂಡು ಕಂಡಿ, ಮೇಲೆ ಅದೇ 'ವಿಚಾರಣೆ', ಒಳಗೆ ಕಿವಿಗೆ ಪೆನ್ನು ಸಿಕ್ಕಿಸಿಕೊಂಡ ಗುಮಾಸ್ತ. ಕಳೆದುಹೋದ ತಮ್ಮ ಸಂತೆಯಲ್ಲಿ ಸಿಕ್ಕ ಹಾಗಾಯಿತು ಉತ್ತರಪ್ಪನಿಗೆ.

"ಸ್ವಾಮಿ, ಭೂಗೋಳಕ್ಕೆ ಸೀಟು ಸಿಕ್ಕಿದೆ. ಸೇರ್ಕೊಳ್ಳೋಕೆ ಯಾವತ್ತು ಕೊನೆ?"

"ಮುಂದಿನ ಗುರುವಾರ. ಆರಾಮಾಗಿ ಬನ್ನಿ," ಎಂದ ಗುಮಾಸ್ತ ತಲೆಯೆತ್ತದೆ.

"ನೋಡಿದ್ಯಾ," ಎಂದ ಉತ್ತರಪ್ಪ ಹೆಂಡತಿಯ ಕಡೆ ತಿರುಗಿ. "ಕೆಲಸ ಅಂದ್ರೆ ಇದು. ಪ್ರಶ್ನೆ ಮುಗಿಯೋದ್ರೊಳಗೆ ಉತ್ತರ."

ಹೆಂಡತಿ ಮುಂದೆ ಬಂದು ಕಂಡಿಗೆ ಮುಖವಿಟ್ಟಳು. ಅಂಗಡಿಯಲ್ಲಿ ಮಸೂರ ಬದಲಿಸುವಾಗ ಮಾತಾಡುವ ಮೆತ್ತನೆಯ ದನಿಯಲ್ಲಿ ಕೇಳಿದಳು: "ಗುರುವಾರ ಸರಿಯಾ ಸಾರ್, ಮಂಗಳವಾರ ಸರಿಯಾ?"

"ಮಂಗಳವಾರ ಅಂತಾನೇ ಇಟ್ಕೊಳ್ಳಿ."

"ಮಂಗಳವಾರ ಚೆನ್ನಾಗಿದೆಯಾ, ಬುಧವಾರಾನಾ?"

"ಬುಧವಾರ ಇನ್ನೂ ಒಳ್ಳೇದಮ್ಮ. ಜನ ಕಡಿಮೆ."

ಹೆಂಡತಿ ಹಿಂದೆ ಸರಿದು ಗಂಡನಿಗೆ ಹೇಳಿದಳು: "ಇವರಿಗೆ ಗೊತ್ತಿಲ್ಲ. ಮೇಲೆ ಹೋಗಿ ವಿಭಾಗದಲ್ಲೇ ಕೇಳೋಣ ನಡೀರಿ."

ಉತ್ತರಪ್ಪನ ಮುಖ ಸಣ್ಣದಾಯಿತು. "ಕಿಟಕಿ ಹಿಂದೆ ಕೂತವರು ಹೇಳಿದ ಮೇಲೆ ಇನ್ನೊಬ್ಬರನ್ನ ಕೇಳೋದಾ? ಹಾಗೆ ಮಾಡಿದವರ ಮುಖ ನಾನು ಇವತ್ತಿಗೂ ಮರೆತಿಲ್ಲ. ಅವರಿಗೂ ಒಂದು ಮರ್ಯಾದೆ ಇರುತ್ತೆ."

"ಸೀಟು ಹೋದ್ರೆ ಅವರ ಮರ್ಯಾದೇನ ಹೊದ್ದುಕೊಂಡು ಮಲಗ್ತೀರಾ?"

"ನಾನಂತೂ ಬರಲ್ಲ," ಎಂದು ಉತ್ತರಪ್ಪ ಅಲ್ಲೇ ಗೋಡೆಗೆ ತಾಗಿದ್ದ ಬೆಂಚಿನ ಮೇಲೆ ಕೂತುಬಿಟ್ಟ. ಗುಮಾಸ್ತನ ಕಡೆ ನೋಡಿ, ಹೆಂಗಸರು ಹೀಗೇ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎನ್ನುವಂತೆ ತಲೆಯಾಡಿಸಿದ. ಹೆಂಡತಿ ಒಬ್ಬಳೇ ಮೆಟ್ಟಿಲು ಹತ್ತಿದಳು.

ಹೋದಷ್ಟೇ ಬೇಗ ಇಳಿದು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

"ಏಳ್ರೀ. ಇವತ್ತೇ ಕೊನೆ. ಮೇಡಂ ಬೀರುಗೆ ಬೀಗ ಹಾಕ್ತಿದ್ದಾರೆ."

"ಗುರುವಾರ ಅಂದ್ರಲ್ಲ…" ಎಂದು ಉತ್ತರಪ್ಪ ಕಿಟಕಿಯ ಕಡೆ ನೋಡಿದ. ಗುಮಾಸ್ತ ಇನ್ನೊಬ್ಬರಿಗೆ ಇನ್ನೊಂದು ವಾರ ಹೇಳುತ್ತಿದ್ದ. "ಅಯ್ಯೋ, ಪ್ರಮಾಣಪತ್ರ ಎಲ್ಲಾ ಮನೇಲಿದೆ ಕಣೇ."

"ನನ್ನ ಚೀಲದಲ್ಲಿದೆ. ಮೊದಲು ಕಾಲು ಕಿತ್ತಿಡಿ."

ಇಬ್ಬರೂ ಏದುಸಿರು ಬಿಡುತ್ತ ಮೇಲೆ ಹೋದಾಗ ವಿಭಾಗದ ಮುಖ್ಯಸ್ಥೆ, ತಲೆ ಪೂರ್ತಿ ನೆರೆತ ಗಂಭೀರ ಹೆಂಗಸು, ಕೈಯಲ್ಲಿ ಬೀಗದ ಕೈಗಳ ಗೊಂಚಲು ಹಿಡಿದು ಬಾಗಿಲಲ್ಲಿದ್ದರು. "ಇಷ್ಟು ಹೊತ್ತು ಎಲ್ಲಿದ್ರಿ? ನಿಮ್ಮ ಸೀಟನ್ನ ಇನ್ನೊಬ್ಬರಿಗೆ ಕೊಡೋದರಲ್ಲಿದ್ದೆ," ಎಂದರು.

"ಕೆಳಗೆ ಬೆಂಚಿನ ಮೇಲೆ," ಎಂದ ಉತ್ತರಪ್ಪ. ಅದೊಂದು ಅವನಿಗೆ ಖಚಿತವಾಗಿ ಗೊತ್ತಿತ್ತು.

ಬೀಗ ಮತ್ತೆ ತೆರೆಯಿತು. ಮೇಡಂ ತೋರಿಸಿದಲ್ಲೆಲ್ಲ ಉತ್ತರಪ್ಪ ರುಜು ಹಾಕಿದ. ಸೀಟು ಅವನದಾಯಿತು. ಹೊರಗೆ ಬಂದವನೇ ಗೋಡೆಗೆ ಒರಗಿ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡ. ಆಮೇಲೆ ಒಮ್ಮೆಲೇ ಸಿಟ್ಟು ನೆತ್ತಿಗೇರಿತು.

"ಆ ಮನುಷ್ಯನ್ನ ಬಿಡಲ್ಲ ನಾನು. ಒಬ್ಬರ ಬಾಳಿನ ಪ್ರಶ್ನೆ. ಗೊತ್ತಿಲ್ಲ ಅನ್ನೋಕೇನು ಧಾಡಿ? ಬಾಯಿ ಸವೆದು ಹೋಗುತ್ತಾ?"

ಹೆಂಡತಿ ಪ್ರಮಾಣಪತ್ರಗಳನ್ನು ಚೀಲಕ್ಕೆ ಸೇರಿಸಿಕೊಂಡಳು. ಅವನ ಹಿಂದೆ ಮೆಟ್ಟಿಲಿಳಿದಳು.

ಕಿಟಕಿ ಮುಚ್ಚಿತ್ತು. ಗುಮಾಸ್ತ ಚಹಾ ಕುಡಿಯಲು ಹೋಗಿದ್ದ. ಉತ್ತರಪ್ಪ ಮುಚ್ಚಿದ ಗಾಜಿಗೆ ಬೆನ್ನು ಕೊಟ್ಟು ನಿಂತು, ಅವನು ಬಂದಾಗ ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಮಸೆಯುತ್ತಿದ್ದ. ಅಷ್ಟರಲ್ಲಿ ದೊಡ್ಡ ಪೆಟ್ಟಿಗೆ ಎಳೆದುಕೊಂಡು ಒಬ್ಬಳು ಹುಡುಗಿ ಓಡೋಡಿ ಬಂದಳು. "ಸಾರ್, ಹುಡುಗಿಯರ ಹಾಸ್ಟೆಲ್ ಯಾವ ಕಡೆ?"

ಉತ್ತರಪ್ಪನ ಬಲಗೈ ತಾನಾಗಿ ಮೇಲೆದ್ದಿತು.

"ನೇರ ಹೋಗಮ್ಮ. ನೀರಿನ ಟ್ಯಾಂಕ್ ಸಿಗುತ್ತೆ, ಅಲ್ಲಿ ಎಡಕ್ಕೆ ತಿರುಗು. ಹಳದಿ ಗೋಡೆ. ಯಾರನ್ನೂ ಕೇಳೋದೇ ಬೇಡ."

"ತುಂಬಾ ಥ್ಯಾಂಕ್ಸ್ ಸಾರ್," ಎಂದು ಹುಡುಗಿ ಪೆಟ್ಟಿಗೆಯ ಗಾಲಿ ಗಡಗಡ ಮಾಡುತ್ತ ಹೊರಟಳು. ಉತ್ತರಪ್ಪನ ಮುಖದಲ್ಲಿ ಬಹಳ ದಿನಗಳ ಮೇಲೆ ತೃಪ್ತಿ ಮೂಡಿತು.

"ಹಾಸ್ಟೆಲ್ ಯಾವಾಗ ನೋಡಿದ್ರಿ?" ಎಂದಳು ಹೆಂಡತಿ.

ಅವನು ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿದ.

"ಇಲ್ಲಿ ನೀರಿನ ಟ್ಯಾಂಕ್ ಇದೆಯಾ?"

ಉತ್ತರಪ್ಪ ಹೊರಗೆ ನೋಡಿದ. ಹುಡುಗಿ ಆಗಲೇ ಮೈದಾನದ ಅರ್ಧಕ್ಕೆ ಹೋಗಿದ್ದಳು. ಅವನ ಬಾಯಿ ತೆರೆಯಿತು. "ಗೊತ್ತಿ…"

"ನನಗಲ್ಲ. ಅವಳಿಗೆ ಹೇಳಿ."

ಉತ್ತರಪ್ಪ ಓಡಿದ. ಹಿಂದಿನಿಂದ ಯಾರೋ ಗಂಡಸು ಕೈಬೀಸಿ ಕೂಗುತ್ತ ಓಡಿಬರುವುದನ್ನು ಕಂಡ ಹುಡುಗಿ ಪೆಟ್ಟಿಗೆಯನ್ನು ಎತ್ತಿ ಎದೆಗವಚಿಕೊಂಡು ತಾನೂ ಓಡತೊಡಗಿದಳು. ಅವಳು ಓಡಿದಷ್ಟೂ ಇವನ ಕೂಗು ಜೋರಾಯಿತು. ಮರದ ಕೆಳಗೆ ಕೂತಿದ್ದ ವಿದ್ಯಾರ್ಥಿಗಳು ಎದ್ದು ನಿಂತು ನೋಡಿದರು.

ಮನೆಗೆ ಹೊರಟಿದ್ದ ಮುಖ್ಯಸ್ಥೆ ಮೆಟ್ಟಿಲಿಳಿದು ಬಂದು ಹೆಂಡತಿಯ ಪಕ್ಕ ನಿಂತರು. ಕನ್ನಡಕ ಸರಿಮಾಡಿಕೊಂಡು ಮೈದಾನದ ಕಡೆ ದಿಟ್ಟಿಸಿದರು.

"ಈಗ ತಾನೆ ಸೇರಿದವರಲ್ವಾ ಅವರು? ಏನಂತ ಕೂಗ್ತಿದ್ದಾರೆ?"

ದೂರದಿಂದ ಉತ್ತರಪ್ಪನ ದನಿ ತೇಲಿ ಬರುತ್ತಿತ್ತು. "ನಂಗೊತ್ತಿಲ್ಲಮ್ಮಾ… ನಿಲ್ಲಮ್ಮಾ… ನಂಗೇನೂ ಗೊತ್ತಿಲ್ಲ…"

"ನಿಜ ಹೇಳ್ತಿದ್ದಾರೆ ಮೇಡಂ," ಎಂದಳು ಹೆಂಡತಿ.