ಏರಿಳಿಯುವ ನಕ್ಷತ್ರಕ್ಕೆ ಹುಡುಗಿಯ ಅಪ್ಪನ ದೂರು

ಪೂರ್ವಾಭಾದ್ರದ ನೆರೆಯಲ್ಲಿ ವಾಸವಾಗಿರುವ, ಎಚ್.ಆರ್. 8799 ಎಂದು ರೇಷನ್ ಕಾರ್ಡಿನಂಥ ಹೆಸರು ಪಡೆದಿರುವ ನಕ್ಷತ್ರ ಮಹಾಶಯರಿಗೆ, ಕೊಪ್ಪದ ಪಕ್ಕದ ಬಾಳಗಡಿಯಲ್ಲಿ ವೋಲ್ಟೇಜ್ ಸ್ಟೆಬಿಲೈಜರ್ ಮಾರಿಕೊಂಡಿರುವ ಷಡಕ್ಷರಿಯ ಶರಣು ಶರಣಾರ್ಥಿಗಳು.

ಮಾನ್ಯರೇ,

ಮೊದಲಿಗೆ ಅಭಿನಂದನೆ. ತಮ್ಮ ಸುತ್ತ ಮೂರು ಗ್ರಹಗಳು ತಿರುಗುತ್ತಿರುವ ಚಿತ್ರ ಈ ನವೆಂಬರಿನಲ್ಲಿ, ಅಂದರೆ 2008ರಲ್ಲಿ, ಪತ್ರಿಕೆಗೆ ಬಂತು. ಮೂರೂ ನಮ್ಮ ಗುರುಗ್ರಹಕ್ಕಿಂತ ಹಲವು ಪಟ್ಟು ತೂಕದವಂತೆ. ನಮಗಿರುವ ಒಬ್ಬನೇ ಗುರುವಿನ ಬಲ ಕೂಡಿಬರಲೆಂದು ಮಗಳು ಶ್ವೇತಳ ಮದುವೆಗೆ ಎರಡು ವರ್ಷ ಕಾದ ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾದೀತು.

ಕಳೆದ ವಾರ ಕೊಪ್ಪದ ಕಲ್ಯಾಣಮಂಟಪದಲ್ಲಿ ಅವಳ ಮದುವೆಯಾಯಿತು. ಹನ್ನೊಂದರ ಬಿಸಿಲಿನಲ್ಲಿ ಅಯ್ಯನವರು ಆಕಾಶಕ್ಕೆ ಬೆರಳು ಮಾಡಿ ‘ಅರುಂಧತಿ ಕಂಡಳೇ?’ ಎಂದರು. ಹಗಲಲ್ಲಿ ಅವಳು ನಮ್ಮ ಪೈಕಿ ಯಾರಿಗೂ ಕಂಡದ್ದಿಲ್ಲ, ಕಾಣಲಿಲ್ಲ ಎಂದು ಯಾರೂ ಹೇಳಿದ್ದೂ ಇಲ್ಲ. ಸಂಸಾರಗಳು ನಿಂತಿರುವುದೇ ಆ ಒಪ್ಪಂದದ ಮೇಲೆ. ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವ ನನ್ನ ಅಳಿಯ ಪ್ರಸನ್ನಕುಮಾರ್ ಮಾತ್ರ ‘ಇಲ್ಲ, ಕಾಣ್ಲಿಲ್ಲ’ ಎಂದುಬಿಟ್ಟ. ಸಂಜೆಗೆ ನಿಜವಾಗಿ ಕಾಣುವ ನಕ್ಷತ್ರವೊಂದನ್ನು ತೋರಿಸುವೆನೆಂದು ಅವನು ಮಾತು ಕೊಟ್ಟ ಮೇಲೆಯೇ ಜನ ಊಟಕ್ಕೆ ಎದ್ದದ್ದು.

ಸಂಜೆ ಏಳಕ್ಕೆ, ಹೆಣ್ಣು ಕಳುಹಿಸುವ ಹೊತ್ತಿಗೆ, ಅವನು ಶ್ವೇತಳಿಗೆ ದುರ್ಬೀನು ಕೊಟ್ಟು ತೋರಿಸಿದ್ದು ತಮ್ಮನ್ನು. ಅವನ ಸೋದರತ್ತೆ ವೀರಬಸಮ್ಮನವರು ಆ ಮನೆಯ ಹೈಕೋರ್ಟು. ‘ಒಂದೇ ಸಮ ಉರಿಯುತ್ತೇನೋ ಅದು?’ ಎಂದರು. ಬೆಳಗಿನಿಂದ ಏನೂ ಕಲಿಯದ ಹುಡುಗ ‘ಇಲ್ಲತ್ತೆ, ಅರ್ಧ ದಿನಕ್ಕೊಂದ್ಸಲ ಸ್ವಲ್ಪ ಏರುತ್ತೆ, ಇಳಿಯುತ್ತೆ’ ಎಂದ.

‘ಎಂತ ಮಾರಾಯ, ಇಷ್ಟು ದೊಡ್ಡ ಆಕಾಶದಲ್ಲಿ ನಿಂಗೆ ಸಿಕ್ಕಿದ್ದು ಇದೇನಾ? ಕಾರು ನಿಲ್ಸು. ಇವತ್ತು ಮನೆ ತುಂಬಿಸ್ಕೊಳ್ಳಲ್ಲ.’

ಮಾನ್ಯರೇ, ಮಡಿಲಕ್ಕಿ ಹಿಡಿದ ನನ್ನ ಮಗಳು ಕಾರಿನ ಬಾಗಿಲಲ್ಲೇ ನಿಂತಳು. ಆ ಕಾಲು ಗಂಟೆಯಾದರೂ ತಾವು ಒಂದೇ ಸಮ ಉರಿಯಬಾರದಿತ್ತೇ? ನೂರಾನಲವತ್ತು ವೋಲ್ಟಿಗೆ ಇಳಿದ ಮನೆಗಳನ್ನೆಲ್ಲ ಎತ್ತಿ ನಿಲ್ಲಿಸಿದ ನಾನು, ‘ಅಕ್ಕಾ, ನಮ್ಮಂಗಡಿಯ ಐದು ಕೆ.ವಿ.ಎ. ಸ್ಟೆಬಿಲೈಜರ್ ಒಂದನ್ನ ಅದಕ್ಕೂ ಕೂರಿಸ್ತೀನಿ, ಎರಡು ವರ್ಷ ಗ್ಯಾರಂಟಿ’ ಎಂದೆ.

ವೀರಬಸಮ್ಮನವರು ದುರ್ಬೀನು ಕಸಿದು ಬಹಳ ಹೊತ್ತು ನೋಡಿದರು. ‘ಪೇಪರಲ್ಲಿ ಬಂದಿದ್ದ ಆ ಮೂರು ಗ್ರಹ ಇದರದ್ದೇನಾ?’

‘ಹೌದತ್ತೆ.’

‘ಮೊದಲೇ ಹೇಳೋಕಾಗಲ್ವಾ? ಮೂರು ಕಟ್ಕೊಂಡೋಳ ಮುಖ ದಿನವಿಡೀ ಒಂದೇ ಸಮ ಬೆಳಗುತ್ತೇನೋ? ನಾನೂ ಮೂರು ಮಕ್ಕಳ್ನ ಸಾಕಿದೋಳೇ.’ ದುರ್ಬೀನನ್ನು ಅಳಿಯನ ಕೈಗಿಟ್ಟರು. ‘ಇದನ್ನ ನೋಡಬೇಕಾದ್ದು ಅವಳಲ್ಲ, ನೀನು. ನಾಳೆ ಇವಳ ಮುಖ ಇಳಿದಾಗ ಯಾಕೆ ಅಂತ ಪಾಠ ಶುರು ಮಾಡ್ಬೇಡ, ಸುಮ್ನೆ ಒಂದು ಲೋಟ ಕಾಫಿ ಮಾಡ್ಕೊಡು. ಹತ್ತಮ್ಮ ಶ್ವೇತ, ಹೊತ್ತಾಯ್ತು.’

ಹೀಗೆ ಮಗಳು ಮನೆ ತುಂಬಿದಳು. ಆ ದೂರನ್ನು ಹಿಂಪಡೆದಿದ್ದೇನೆ. ಆದರೆ ಈಗ ನನ್ನ ಹೆಂಡತಿ ಅನ್ನಪೂರ್ಣಮ್ಮ, ನಾನು ಸಾರಿಗೆ ಉಪ್ಪು ಕಡಿಮೆ ಎಂದರೆ ಮಾತಿಲ್ಲದೆ ಆಕಾಶ ತೋರಿಸುತ್ತಾಳೆ. ನಮಗಿರುವುದು ಒಂದೇ ಮಗು ಎಂದು ನೆನಪಿಸಿದೆ. ‘ಅವಳೊಬ್ಳು, ನೀವು ಇಬ್ಬರ ಸಮ. ಮೂರಾಯ್ತಲ್ಲ’ ಎಂದಳು. ಆದ್ದರಿಂದ ಶೃಂಗೇರಿ, ನರಸಿಂಹರಾಜಪುರದ ಹೆಂಗಸರಿಗೆ ಈ ಸುದ್ದಿ ಮುಟ್ಟುವುದರೊಳಗೆ ತಾವು ದಯವಿಟ್ಟು ಸ್ಥಿರವಾಗಬೇಕು, ಇಲ್ಲವೇ ಎರಡು ಗ್ರಹಗಳನ್ನು ಬೇರೆಯವರಿಗೆ ದತ್ತು ಕೊಡಬೇಕು.

ಉಪ್ಪಿಲ್ಲದ ಸಾರು ಉಂಡೂ
ತಮ್ಮ ವಿಶ್ವಾಸಿಯಾಗಿ ಉಳಿದ,
ಷಡಕ್ಷರಿ, ಬಾಳಗಡಿ

ತಾ.ಕ.: ತಮ್ಮ ಬೆಳಕು ಇಲ್ಲಿಗೆ ಬರಲು ಸುಮಾರು ನೂರಾಮೂವತ್ತು ವರ್ಷ ಬೇಕೆಂದು ಅಳಿಯ ಹೇಳಿದ. ಈ ಪತ್ರ ಮುಟ್ಟಲು ಅಷ್ಟು, ಉತ್ತರ ಬರಲು ಇನ್ನಷ್ಟು. ಅವಸರವಿಲ್ಲ, ಕರೆಂಟಿನ ವಿಷಯವಾಗಿ ನಾನು ಈ ಭೂಮಿಯ ಮೇಲಿನವರಿಗೆ ಬರೆದ ಪತ್ರಗಳಿಗಿಂತ ಇದಕ್ಕೇ ಮೊದಲು ಉತ್ತರ ಬರುತ್ತದೆಂಬ ನಂಬಿಕೆ ಇದೆ.